ಹೊಂಗೆ ಮರದಡಿಯ ಜಾಗ

ಅಪ್ಪಾ,

ಇವತ್ತು ಊರವರ ಮುಂದೆ ನಿನ್ನ ಮರ್ಯಾದೆ ತೆಗೆದೆ. ನೀನು ಇದನ್ನು ಓದುವುದಿಲ್ಲ. ಆದರೂ ಬೇರೆಯವರು ತಿರುಚಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಬೇಸಿಗೆಯಲ್ಲಿ ನೆರಳು ಕಾಲಡಿಗೆ ಬಂದ ಮೇಲೆ ಕುರಿ ನಡೆಸಬಾರದು ಎಂದು ಕಲಿಸಿದವನು ನೀನು. ಹಾಗಾಗಿ ಮಧ್ಯಾಹ್ನ ಮಂದೆಯನ್ನು ಹೊಂಗೆ ಮರದ ಕೆಳಗೆ ತಂಗಿಸಿ ನಾನೂ ಮಲಗಿದ್ದೆ. ಕುರಿಗಳು ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸಿ ನಿಂತಿದ್ದವು. ಮಿಡಿಗೇಶಿ ಕಡೆ ಹುಣಸೆ ಬಡಿಯಲು ಆಳು ಕಟ್ಟಿಕೊಂಡು ಹೊರಟಿದ್ದ ಕ್ಯಾತಣ್ಣ ಮಾವ ನನ್ನನ್ನು ಕೋಲಿನಿಂದ ತಿವಿದ.

‘ಲೇ, ಇಸ್ಕೂಲೂ ಬುಟ್ಟೆ, ಈಗ ಕುರಿ ಜೊತೆ ನಿದ್ದೆ ಬೇರೆನಾ? ನಿಮ್ಮಪ್ಪ ಒಂದಿನಾನಾದ್ರೂ ಇಂಗೆ ಬಿದ್ಕಂಡಿದ್ನೇನ್ಲಾ?’

‘ಇಲ್ಲ. ಅದ್ಕೇ ಸತ್ತ ಕಣ್ ಮಾವ.’

ನಗುತ್ತಿದ್ದ ಆಳುಗಳು ಮಾವನ ಮುಖ ನೋಡಿದರು.

ನಾನು ಸುಳ್ಳೇನು ಹೇಳಿದೆ? ಕುರಿಗಳನ್ನು ನೆರಳಿಗೆ ಬಿಟ್ಟು, ಅದೇ ಬಿಸಿಲಲ್ಲಿ ನೀನು ಕಂಡವರ ಹುಣಸೆ ಮರ ಹತ್ತುತ್ತಿದ್ದೆ. ಬಿಸಿಲಿಗೆ ಕುರಿಯ ಎದೆ ಒಡೆಯುತ್ತದೆ ಎನ್ನುತ್ತಿದ್ದೆಯಲ್ಲ, ನಿನ್ನ ಎದೆಯೇನು ಕಲ್ಲಿನದು ಅಂದುಕೊಂಡಿದ್ದೆಯಾ? ಹೋದ ಬೇಸಿಗೆ ಕೊಂಬೆಯಿಂದ ನಿನ್ನನ್ನು ಇಳಿಸಿದಾಗ ಮೈ ಕೆಂಡದಂತೆ ಸುಡುತ್ತಿತ್ತು. ‘ದುಡೀತಾ ದುಡೀತಾನೇ ಹೋದ, ಪುಣ್ಯಾತ್ಮ’ ಎಂದು ಇವರೆಲ್ಲ ಹೊಗಳಿದರು. ಆ ಹೊಗಳಿಕೆಗೆ ಬೆಂಕಿ ಬೀಳಲಿ.

ಅಂಬಲಿ ತಂದ ಅವ್ವ ನನ್ನ ಹಿಂದೆಯೇ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಗಡಿಗೆ ಕೆಳಗಿಟ್ಟು, ಬಿಸಿಲು ಇಳಿಯುವವರೆಗೂ ನನ್ನ ಪಕ್ಕದಲ್ಲಿ ನೆರಳಲ್ಲೇ ಕೂತಿದ್ದಳು.

ಆ ನೆರಳಲ್ಲಿ ಇನ್ನೊಬ್ಬರಿಗೆ ಜಾಗ ಇತ್ತಪ್ಪಾ.