ವಾರಂಟಿ ಮತ್ತು ನಾಲ್ಕು ನೀಲಿ ಶಾಕ್‌ಗಳು

ಮಾರ್ಚ್ 3, ಸೋಮವಾರ. ಸಂಜೆ 6

ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಟಕ್ ಎನ್ನುತ್ತದೆ. ಮೊದಲು ಹೇಳಿದ್ದು ಅಮ್ಮ, ಹಿಂದಿನ ಸೀಟಿನಿಂದ. "ನಿನ್ನ ಗಾಡಿ ನನ್ನ ಮಂಡಿ ಥರ ಸದ್ದು ಮಾಡ್ತಿದೆ ಕಣೇ." ಫಿಸಿಯೋಥೆರಪಿಯಿಂದ ವಾಪಸ್ ಬರುವಾಗ ಎಣಿಸಿದೆ. ಏಳು ತಿರುವು, ಏಳು ಟಕ್.

ವಾರಂಟಿ ಇನ್ನೂ ಹದಿನಾಲ್ಕು ತಿಂಗಳಿದೆ. ಚಿಂತೆ ಬೇರೆ. ಜನವರಿಯಲ್ಲಿ ಕಂಪನಿಯ ಶಾಕ್ ಅಬ್ಸಾರ್ಬರ್ ತೆಗೆಸಿ ಬೇರೆ ಹಾಕಿಸಿದ್ದೇನೆ. ಪ್ರತಿ ಗುಂಡಿಗೂ ಅಮ್ಮನ ಸೊಂಟ ಹಿಡಿಯುತ್ತಿತ್ತು. ಸರ್ವಿಸ್ ಸೆಂಟರ್‌ನವರು "ಅದು ದೋಷ ಅಲ್ಲ, ಗಾಡಿ ಇರೋದೇ ಹಾಗೆ" ಎಂದಿದ್ದರು. ಭಾವನ ಗ್ಯಾರೇಜಿನಲ್ಲಿ ನಾಲ್ಕೂ ಬದಲಾಯಿತು. ಕಪ್ಪು ಹೋಗಿ ನೀಲಿ ಬಂತು. ಅಮ್ಮನ ಸೊಂಟ ಸುಮ್ಮನಾಯಿತು.

ಮಾರ್ಚ್ 4, ಮಂಗಳವಾರ

ಸರ್ವಿಸ್ ಸೆಂಟರ್. ಅಡ್ವೈಸರ್‌ನದು ವಿಪರೀತ ಮರ್ಯಾದೆ. "ಹೊರಗಡೆ ಏನಾದ್ರೂ ಕೆಲಸ ಮಾಡ್ಸಿದೀರಾ ಮೇಡಂ? ಸುಮ್ನೆ ಕೇಳ್ದೆ."

ಪೆನ್ನು ಹಿಡಿದುಕೊಂಡು ಯಾರೂ ಸುಮ್ಮನೆ ಕೇಳುವುದಿಲ್ಲ. ಹೇಳಿದೆ. ತಕ್ಷಣ ಒಂದು ಫಾರಂ ಬಂತು. 'ಗ್ರಾಹಕರು ಮಾಡಿಸಿದ ಮಾರ್ಪಾಡಿನಿಂದ ಉಂಟಾದ ದೋಷ.' ಇನ್ನೂ ಬಾನೆಟ್ ಕೂಡ ತೆರೆದಿಲ್ಲ, ದೋಷ ಯಾವುದರಿಂದ ಎಂದು ಗೊತ್ತಾಗಿಬಿಟ್ಟಿದೆ! ಸಹಿ ಹಾಕಲಿಲ್ಲ. ಹದಿನೆಂಟು ವರ್ಷ ಕಚೇರಿಯ ದಾಖಲೆ ವಿಭಾಗದಲ್ಲಿ ಕೂತಿದ್ದೇನೆ.

ವಾರಂಟಿ ಪುಸ್ತಕ, ಪುಟ 31: ಹೊರಗಿನ ಭಾಗ ಹಾಕಿಸಿದರೆ ಆ ಭಾಗಕ್ಕೆ, ಅದರಿಂದ ಆದ ಹಾನಿಗೆ ಮಾತ್ರ ವಾರಂಟಿ ಇಲ್ಲ. ಮಿಕ್ಕಿದ್ದಕ್ಕೆ ಇದೆ. ಬೇರೆ ಹಾಳೆಯಲ್ಲಿ ನಾನೇ ಬರೆದುಕೊಟ್ಟೆ: ಹಾಕಿಸಿದ ದಿನಾಂಕ, ನಾಲ್ಕು ಶಾಕ್, ಬಣ್ಣ ನೀಲಿ, ನಂಬರ್ ಸಮೇತ. ಸೀಲ್ ಹಾಕಿಸಿಕೊಂಡೆ.

13ಕ್ಕೆ ಕಂಪನಿಯ ಇನ್ಸ್‌ಪೆಕ್ಟರ್ ಬರುತ್ತಾನೆ.

ಮಾರ್ಚ್ 8, ಶನಿವಾರ

ಭಾವ ತಾವಾಗಿ ಬಂದರು. "ಇನ್ಸ್‌ಪೆಕ್ಷನ್ ಇದೆಯಲ್ಲಾ, ವೀಲ್ ಅಲೈನ್‌ಮೆಂಟ್ ನೋಡ್ಬಿಡ್ತೀನಿ, ಕೀ ಕೊಡು." ಸಂಜೆ ಗಾಡಿ ತಂದುಬಿಟ್ಟರು. ಚಹಾ ಬೇಡ ಎಂದರು. ಅಕ್ಕನ ಮದುವೆಯಾಗಿ ಇಪ್ಪತ್ತೆರಡು ವರ್ಷ... ಭಾವ ಚಹಾ ಬೇಡ ಎಂದದ್ದು ನೆನಪಿಲ್ಲ.

ಮಾರ್ಚ್ 11, ಮಂಗಳವಾರ

ಅಮ್ಮ ಗಾಡಿಯಿಂದ ಇಳಿಯಲಾರದೆ ಬಾಗಿಲು ಹಿಡಿದು ನಿಂತಳು. ರಸ್ತೆ ಅದೇ, ಗುಂಡಿ ಅದೇ. ಏಟು ಮಾತ್ರ ಜನವರಿಗೆ ಮುಂಚಿನದು.

ಬಗ್ಗಿ ಟಾರ್ಚ್ ಬಿಟ್ಟೆ. ಚಕ್ರದ ಹಿಂದೆ ಕಪ್ಪು. ನಾಲ್ಕೂ ಕಪ್ಪು.

ನನ್ನ ನೀಲಿ ಎಲ್ಲಿ? ಬೇರೆ ಗಿರಾಕಿಗೆ ಹಾಕಿದರೇ? ಅಕ್ಕನಿಗೆ ಫೋನ್ ಮಾಡಲು ಹೋಗಿ ಸುಮ್ಮನಾದೆ. ಅವಳಿಗೂ ಗೊತ್ತಿದ್ದರೆ?

ಮಾರ್ಚ್ 12, ಬುಧವಾರ

ಅಲೈನ್‌ಮೆಂಟ್ ಚೀಟಿ ಬೇಕೆಂಬ ನೆಪದಲ್ಲಿ ಗ್ಯಾರೇಜಿಗೆ ಹೋದೆ. ಹಳೆ ಟೈರುಗಳ ಹಿಂದೆ, ಗೋಣಿಚೀಲದಲ್ಲಿ, ನಾಲ್ಕು ನೀಲಿ ಶಾಕ್.

"ಇದೇನು ಭಾವ?"

"ನೋಡ್ಬಿಟ್ಟೆಯಾ? ಕಂಪನಿದೇ ವಾಪಸ್ ಹಾಕಿಟ್ಟಿದೀನಿ. ಇನ್ಸ್‌ಪೆಕ್ಟರ್ ಬಗ್ಗಿ ನೋಡ್ಲಿ, ಎಲ್ಲಾ ಕಪ್ಪು. ವಾರಂಟಿ ಉಳೀತು. ಅವನು ಆಚೆ ಹೋದ್ಮೇಲೆ ನೀಲಿ ಹಾಕ್ಕೊಡ್ತೀನಿ."

"ನೀಲಿ ಅಂತ ಬರ್ಕೊಟ್ಟಿದೀನಲ್ಲ ಭಾವ. ನಂಬರ್ ಸಮೇತ."

ಸ್ಪ್ಯಾನರ್ ಕೆಳಗಿಟ್ಟರು. "ಬರ್ಕೊಟ್ಟೆಯಾ? ಅಯ್ಯೋ ಮಹಾತಾಯಿ, ಕಳ್ಳರೂ ಪೊಲೀಸ್ರಿಗೆ ಅಷ್ಟು ವಿವರ ಕೊಡಲ್ವಲ್ಲೇ!"

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಕೇಳ್ಲಿಲ್ಲ."

ಕಾಗದದಲ್ಲಿ ನೀಲಿ, ಗಾಡಿಯಲ್ಲಿ ಕಪ್ಪು. ನಿಜ ಬರೆದವಳೇ ಸುಳ್ಳುಗಾತಿ. ಕ್ಲೇಮ್ ತಳ್ಳಿಹಾಕಲು ಅಡ್ವೈಸರ್‌ಗೆ ಇನ್ನೇನು ಬೇಕು? ಕೂತು ನೀಲಿ ಹಾಕಿಸಿದೆ. ಬೋಲ್ಟುಗಳ ಮೇಲೆ ಹೊಸ ಗೀರು ಹೊಳೆಯುತ್ತಿತ್ತು. ಭಾವ ಗ್ರೀಸಿಗೆ ಧೂಳು ಕಲಸಿ ಮೆತ್ತಲು ಹೋದರು. ತಡೆದೆ. ನಡೆದದ್ದನ್ನು ಬರೆದುಕೊಡಿ ಎಂದೆ.

"ಬರ್ಕೊಟ್ರೆ ಸ್ಟೀರಿಂಗ್ ಕೆಟ್ಟಿದ್ದೂ ನನ್ನ ಕೈಯಿಂದ್ಲೇ ಅಂತಾರೆ. ಗ್ಯಾರೇಜ್ ಹೆಸರು ಮಣ್ಣುಪಾಲು."

ಬರೆದುಕೊಡಲಿಲ್ಲ. ನಾಳೆ ಬರುತ್ತೇನೆ ಎಂದಷ್ಟೇ ಹೇಳಿದರು. ಬರುತ್ತಾರೆಂಬ ನಂಬಿಕೆ ನನಗಿಲ್ಲ.

ಮಾರ್ಚ್ 13, ಗುರುವಾರ. ಬೆಳಿಗ್ಗೆ 11.20, ಸರ್ವಿಸ್ ಸೆಂಟರ್

ಹತ್ತೂವರೆಗೆ ಗಾಡಿ ಲಿಫ್ಟ್ ಏರಿತು. ಭಾವ ಬಂದಿದ್ದರು. ಬಾಗಿಲ ಬಳಿ, ಯಾರೋ ಬೇರೆಯವರ ಹಾಗೆ, ಫೋನ್ ನೋಡುತ್ತ.

ಇನ್ಸ್‌ಪೆಕ್ಟರ್ ಬೋಲ್ಟಿಗೆ ಬೆರಳಿಟ್ಟ. "ಇದನ್ನ ಈ ವಾರ ಬಿಚ್ಚಿದಾರೆ. ನೀವು ಜನವರಿ ಅಂತ ಬರೆದಿದೀರ. ಯಾವುದು ನಿಜ?"

ಅಡ್ವೈಸರ್ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ—

"ಎರಡೂ ನಿಜ ಸಾರ್. ಬಿಚ್ಚಿದ್ದು ನಾನು. ಅವಳಿಗೆ ಗೊತ್ತಿರ್ಲಿಲ್ಲ. ಗ್ಯಾರೇಜ್ ನಂದೇ, ಬರ್ಕೊಳಿ."

ಇನ್ಸ್‌ಪೆಕ್ಟರ್ ಬರೆದುಕೊಂಡ. ಭಾವ ಸಹಿ ಹಾಕಿದರು. ಹೆಸರಿನ ಕೊನೆ ಅಕ್ಷರ ಗೆರೆ ದಾಟಿತು.

ಚಕ್ರಗಳನ್ನು ತಿರುಗಿಸುವ ಸ್ಟೀರಿಂಗ್ ರ‍್ಯಾಕ್ ಬಿಚ್ಚಿ ನೋಡದೆ ಏನೂ ಹೇಳುವುದಿಲ್ಲವಂತೆ. ಅಲ್ಲಿಯವರೆಗೆ ಗಾಡಿ ಇಲ್ಲೇ ಇರಬೇಕು. ನಾಲ್ಕು ದಿನ, ಇವರ ಕೈಯಲ್ಲಿ. ನಾಲ್ಕೂ ಶಾಕ್‌ನ ಫೋಟೋ ತೆಗೆದುಕೊಂಡೆ. ಭಾವ ರ‍್ಯಾಕಿನ ಫೋಟೋ ತೆಗೆದುಕೊಂಡರು.

ರ‍್ಯಾಕ್ ಬಿಚ್ಚುವುದು 17, ಸೋಮವಾರ, ಬೆಳಿಗ್ಗೆ ಹತ್ತಕ್ಕೆ. ನಾನು, ಭಾವ, ಇಬ್ಬರೂ ಹಾಜರಿರಬೇಕು.