ಭತ್ಯೆಗೆ ಬರೆದುಕೊಟ್ಟ ಮಗಳು

ಕಂದಿಕೆರೆ
೬-೧೨-೨೦೨೬, ಭಾನುವಾರ

ಮುದ್ದು ಜೀವಿತಾ,

ನಿನ್ನ ಅಮ್ಮನ ಆಶೀರ್ವಾದಗಳು. ನಾವಿಲ್ಲಿ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆದರೆ ನೀನು ನಂಬುವುದಿಲ್ಲ, ಅದಕ್ಕೇ ಇದ್ದೇವೆ ಎಂದಷ್ಟೇ ಬರೆದೆ. ನಿನ್ನ ತಂಗಿಯರಿಬ್ಬರೂ ಶಾಲೆಗೆ ಹೋಗುತ್ತಿದ್ದಾರೆ. ಸಣ್ಣವಳಿಗೆ ಮುಂದಿನ ಎರಡು ಹಲ್ಲು ಬಿದ್ದು, ನಗುವಾಗೆಲ್ಲ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾಳೆ.

ತಿಂಗಳಾದರೂ ಒಂದು ಕಾಗದ ಬರೆಯಲಿಲ್ಲವೆಂದು ಬೇಸರಪಡಬೇಡ. ಬಲ ಅಂಗೈಗೆ ಏಳು ಹೊಲಿಗೆ ಬಿದ್ದಿತ್ತು. ಗಾಯ ಕೀವುಗಟ್ಟಿ, ಮತ್ತೆ ಹೊಲಿಸಿ, ಕೊನೆಗೆ ಬಿಚ್ಚಿ ನಾಲ್ಕು ದಿನವಾಯಿತು. ಪೆನ್ನು ಈಗಲೂ ಜಾರುತ್ತದೆ. ಫೋನ್ ಮಾಡೋಣವೆಂದರೆ ಹಾಸ್ಟೆಲಿನವರ ಪಟ್ಟಿಯಲ್ಲಿ ನನ್ನ ನಂಬರಿಲ್ಲ. ನಿಮ್ಮ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಓಬಮ್ಮ ನಮ್ಮೂರಿನವಳೇ ಅಲ್ಲವೇ, ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಾಳೆ. ಅವಳ ಕೈಯಲ್ಲಿ ಇದನ್ನು ಕಳಿಸುತ್ತೇನೆ.

ಅವಳೇ ನಿನ್ನೆ ಬಂದು ಹೇಳಿದಳು. ನೀನು ಸರಿಯಾಗಿ ಊಟ ಮಾಡುತ್ತಿಲ್ಲವಂತೆ. "ನಾನು ಹಂಗೆ ಹೇಳ್ದೆ ಇದ್ದಿದ್ರೆ ಅಪ್ಪ ಮಚ್ಚು ಹಿಡೀತಿರ್ಲಿಲ್ಲ ಓಬಕ್ಕ, ಎಲ್ಲಾ ನನ್ನಿಂದ್ಲೇ ಆಯ್ತು" ಎಂದು ಅತ್ತೆಯಂತೆ. ಅದನ್ನು ಕೇಳಿದ ಮೇಲೆ ಕೈ ನೋಯುತ್ತದೆಂದು ಸುಮ್ಮನೆ ಕೂರಲಾಗಲಿಲ್ಲ. ನಡೆದದ್ದನ್ನು ನೀನು ಹಾಸ್ಟೆಲಿನ ಹುಡುಗಿಯರ ಬಾಯಲ್ಲಿ ಕೇಳುವುದು ಬೇಡ. ನಾನು ಕಣ್ಣಾರೆ ಕಂಡವಳು, ನನ್ನಿಂದ ಕೇಳು.

ಇದೆಲ್ಲ ಶುರುವಾದದ್ದು ಫೆಬ್ರವರಿಯಲ್ಲಿ. ನಿನ್ನ ದೊಡ್ಡಪ್ಪ ಮಲ್ಲಿಕಾರ್ಜುನಯ್ಯನವರು ತಿಪಟೂರಿನಿಂದ ಬಂದಿದ್ದರು. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿರುವವರು, ಬರುವಾಗ ಪೇಪರು ಮಡಚಿ ಕಂಕುಳಲ್ಲಿ ಇಟ್ಟುಕೊಂಡೇ ಬಂದರು. "ಸಂಬಳದೋರಿಗೆ ಮಕ್ಕಳ ಓದಿನ ಭತ್ಯೆ ಮ್ಯಾಲೆ ತೆರಿಗೆ ವಿನಾಯ್ತಿ ಜಾಸ್ತಿ ಮಾಡ್ತಾರಂತೆ ಕಣಪ್ಪ. ನೂರಿನ ಲೆಕ್ಕದಲ್ಲಿದ್ದಿದ್ದು ಸಾವಿರಕ್ಕೆ ಹೋಯ್ತದೆ. ಹಾಸ್ಟೆಲ್ಲಿಗಂತೂ ಇನ್ನೂ ಜಾಸ್ತಿ. ಎಲ್ಲಾ ದುಬಾರಿ ಆಗೈತಲ್ಲ, ಸಂಸಾರಸ್ಥರು ಉಸಿರಾಡ್ಲಿ ಅಂತ. ಮಕ್ಕಳಿಲ್ದಿರೋ ನಂಗೆ ಏನ್ ಬಂತು?" ಎಂದು ನಕ್ಕರು. ನಗುತ್ತಲೇ ಮುಂದಿನ ಮಾತನ್ನೂ ಆಡಿದರು. "ಜೀವಿತಾನ ನನ್ನ ಮಗಳು ಅಂತ ಬರ್ಕೊಡು. ಉಳಿಯೋ ತೆರಿಗೆ ಜೊತೆಗೆ ನಾನೊಂದಿಷ್ಟು ಹಾಕಿ ತಿಪಟೂರಲ್ಲೇ ಓದಿಸ್ತೀನಿ. ಬರೀ ಕಾಗ್ದ ಕಣ್ಲಾ. ಮಗು ಎಲ್ಲಿಗೋಯ್ತದೆ?"

ನಿಮ್ಮಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು. ಗೂಡ್ಸ್ ಆಟೊದ ದುಡಿಮೆಯಲ್ಲಿ ಮೂವರು ಹೆಣ್ಣುಮಕ್ಕಳ ಫೀಜು, ವ್ಯಾನು, ಗ್ಯಾಸು ಹೇಗೆ ತೂಗುತ್ತಿತ್ತೆಂದು ನಿನಗೂ ಗೊತ್ತು. ಕೊನೆಗೆ "ಬರೀ ಕಾಗ್ದ ತಾನೇ ಅಣ್ಣಯ್ಯ?" ಎಂದು ಎರಡು ಸಲ ಕೇಳಿದರು. ದೊಡ್ಡಪ್ಪ ಎರಡು ಸಲವೂ ಹೌದೆಂದರು.

ಮೇ ತಿಂಗಳಲ್ಲಿ ಉಪನೋಂದಣಿ ಕಚೇರಿಗೆ ಹೋದೆವು. ಅವತ್ತು ನಿನ್ನ ದೊಡ್ಡಮ್ಮ ಗಿರಿಜಾಂಬಿಕಾ ನಿನಗೆ ಹಸಿರು ಲಂಗ ತಂದಿದ್ದಳು, ಬಸ್‌ಸ್ಟ್ಯಾಂಡಿನ ಹತ್ತಿರ ಐಸ್‌ಕ್ರೀಂ ಕೊಡಿಸಿದಳು. ತಮ್ಮ ಮನೆ ಹತ್ತಿರವಿದ್ದರೂ ಹಾಸ್ಟೆಲ್ ಭತ್ಯೆ ಸಿಗಲೆಂದು ಜೂನಿನಲ್ಲಿ ಹಾಸ್ಟೆಲಿಗೆ ಸೇರಿಸಿದರು. "ಯಾರಾದ್ರೂ ಕೇಳಿದ್ರೆ ಅಪ್ಪನ ಹೆಸ್ರು ಮಲ್ಲಿಕಾರ್ಜುನಯ್ಯ ಅನ್ನು ಪುಟ್ಟಿ, ಇಲ್ಲಾಂದ್ರೆ ಅವ್ರ ಆಫೀಸಲ್ಲಿ ತೊಂದ್ರೆ ಆಯ್ತದೆ" ಎಂದು ಅವಳು ನಿನಗೆ ಹೇಳಿಕೊಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ನಾನೂ ತಲೆಯಾಡಿಸಿದ್ದೆ. ಇದನ್ನು ಮರೆಯಬೇಡ. ಹೇಳಿಕೊಟ್ಟವರು ದೊಡ್ಡವರು, ನೀನು ಅದನ್ನೇ ಹೇಳಿದೆ, ಅಷ್ಟೇ.

ಹೋದ ತಿಂಗಳು ಎಂಟನೇ ತಾರೀಕು, ಭಾನುವಾರ. ನಿನ್ನನ್ನು ಎರಡು ದಿನಕ್ಕೆ ಮನೆಗೆ ಕರೆತರೋಣವೆಂದು ಆಟೊದಲ್ಲೇ ಬಂದೆವು. ಗೇಟಿನಲ್ಲಿ ವಾರ್ಡನ್ ಮೇಡಂ ರಿಜಿಸ್ಟರ್ ತೆಗೆದು "ತಂದೆ ತಾಯಿ ಬಿಟ್ಟು ಬೇರೆಯವರ ಜೊತೆ ಕಳ್ಸಲ್ಲ" ಎಂದರು. "ನಾನೇ ತಂದೆ ಕಣ್ರೀ" ಎಂದು ನಿಮ್ಮಪ್ಪ ನಕ್ಕರು. ಆಕೆ ನಗಲಿಲ್ಲ, ನಿನ್ನನ್ನು ಕರೆಸಿ "ಇವ್ರು ಯಾರಮ್ಮ?" ಎಂದರು. ನೀನು ನನ್ನ ಮುಖ ನೋಡಿದೆ, ಆಮೇಲೆ ರಿಜಿಸ್ಟರ್ ನೋಡಿದೆ. "ನಮ್ ಚಿಕ್ಕಪ್ಪ" ಎಂದೆ.

ಮುಂದಿನದನ್ನು ನೀನೂ ಕಂಡೆ. ನಿಮ್ಮಪ್ಪ ನಿನ್ನ ಕೈ ಹಿಡಿಯಲು ಒಳಗೆ ಕಾಲಿಟ್ಟರು. ವಾಚ್‌ಮನ್ ಸಣ್ಣತಿಮ್ಮಯ್ಯ ಎದೆಗೆ ಕೈ ಕೊಟ್ಟು ತಳ್ಳಿದ. ಅವರು ಅವನ ಕುತ್ತಿಗೆಪಟ್ಟಿ ಹಿಡಿದು ಗೇಟಿನ ಕಂಬಿಗೆ ಬಡಿದರು. ಮೂಗು ಒಡೆದು ಅವನ ಖಾಕಿ ಅಂಗಿಯೆಲ್ಲ ರಕ್ತವಾಯಿತು. ನೀನು ಕಿರುಚಿದ್ದು ರಸ್ತೆಯವರೆಗೂ ಕೇಳುತ್ತಿತ್ತು.

ದೊಡ್ಡಪ್ಪನ ಮನೆಗೆ ಅಲ್ಲಿಂದ ಹತ್ತು ನಿಮಿಷ. ನಿಮ್ಮಪ್ಪ ನೇರ ಅಲ್ಲಿಗೇ ಓಡಿಸಿದರು. ಆಟೊ ನಿಲ್ಲಿಸಿ, ಸೀಟಿನ ಹಿಂದೆ ಕೈ ಹಾಕಿ ಎಳನೀರು ಕೆತ್ತುವ ಮಚ್ಚು ತೆಗೆದರು. ರೆಟ್ಟೆ ಹಿಡಿದೆ, ಕೊಡವಿದರು. ದೊಡ್ಡಪ್ಪ ಜಗಲಿಯಲ್ಲಿ ಪೇಪರು ಓದುತ್ತಿದ್ದರು.

"ಏನ್ಲಾ ಪ್ರಸಾದ, ಏನಾಯ್ತು?"

"ನನ್ ಮಗ್ಳು ನನ್ನ ಚಿಕ್ಕಪ್ಪ ಅಂದ್ಲು. ಆ ಕಾಗ್ದ ತಗೊಂಬಾ, ಹರಿದಾಕ್ತೀನಿ."

ದೊಡ್ಡಪ್ಪನಿಗೆ ಮಚ್ಚು ಕಂಡಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಆದರೆ ಕಚೇರಿಯಲ್ಲಿ ಹೇಳುವ ಹಾಗೆ ಹೇಳಿದರು. "ಅದು ಹರಿಯೋ ಕಾಗ್ದ ಅಲ್ಲ ಕಣ್ಲಾ. ದತ್ತಕ ಅದು, ರಿಜಿಸ್ಟರಾಗೈತೆ. ಒಂದ್ ಸಲ ಕೊಟ್ಮೇಲೆ ವಾಪಸ್ ಇಸ್ಕೊಳ್ಳೋಕೆ ಕಾನೂನಲ್ಲಿ ದಾರಿ ಇಲ್ಲ."

"ಬರೀ ಕಾಗ್ದ ಅಂದಿದ್ದೆ."

"ಅಂದಿದ್ದೆ. ಏನೀಗ? ಅವ್ಳಿಗೆ ನಾನು ಅಪ್ಪ, ನೀನು ಚಿಕ್ಕಪ್ಪ. ಹುಡುಗಿ ಸರ್ಯಾಗೇ ಹೇಳವ್ಳೆ."

ಮೊದಲ ಏಟು ಪೇಪರಿನ ಮೇಲೇ ಬಿತ್ತು. ದೊಡ್ಡಪ್ಪ ಅಡ್ಡ ಹಿಡಿದ ಬಲಗೈಯಿಂದ ಪೇಪರೂ ಎರಡು ಬೆರಳೂ ಒಟ್ಟಿಗೇ ಕೆಳಗೆ ಬಿದ್ದವು. ಎರಡನೆಯದು ಮೊಣಕೈ ಕೆಳಗೆ ಮೂಳೆಯವರೆಗೂ ಇಳಿಯಿತು. ಮೂರನೆಯದು ಕುತ್ತಿಗೆಗೆ ಹೊರಟಿತ್ತು. ನಾನು ಅಲಗನ್ನೇ ಹಿಡಿದೆ. ಅಷ್ಟರಲ್ಲಿ ದೊಡ್ಡಮ್ಮ ಒಳಗಿನಿಂದ ಒನಕೆ ತಂದು ನಿಮ್ಮಪ್ಪನ ತಲೆಗೆ ಹಾಕಿದಳು. ಅವರು ಮೆಟ್ಟಿಲ ಮೇಲೆ ಕುಸಿದರು. ಬಿದ್ದ ಮೇಲೂ ಅವಳು ನಿಲ್ಲಿಸಲಿಲ್ಲ. ಕಿವಿಗೆ, ಭುಜಕ್ಕೆ, ಬೆನ್ನಿಗೆ, ಒಂದೊಂದು ಏಟಿಗೂ "ನನ್ ಮಗು, ನನ್ ಮಗು" ಎಂದು ಕೂಗುತ್ತಿದ್ದಳು.

ಜೀವಿತಾ, ಆ ಕೂಗಿಗೆ ನನಗೆ ಏನಾಯಿತೋ. ಗಂಡನನ್ನು ಬಿಡಿಸಲು ಹೋದವಳು ಅದನ್ನೇ ಮರೆತೆ. ಅವಳ ಜುಟ್ಟು ಹಿಡಿದು ಎಳೆದು, ಮಣಿಕಟ್ಟನ್ನು ಕಚ್ಚಿ, ಗೋಡೆಗೆ ಒತ್ತಿ ಹಿಡಿದು ಹೊಡೆದೆ. ನನ್ನ ಅಂಗೈಯ ರಕ್ತ ಅವಳ ಮುಖಕ್ಕೆಲ್ಲ ಬಳಿದುಕೊಂಡಿತ್ತು. ಹೊಡೆಯುತ್ತಿರುವಾಗಲೇ ತೆರೆದ ಬಾಗಿಲಲ್ಲಿ ಪಕ್ಕದ ಕೋಣೆ ಕಣ್ಣಿಗೆ ಬಿತ್ತು. ಹೊಸದಾಗಿ ಬಣ್ಣ ಬಳಿಸಿದ್ದಾಳೆ. ಒಂದು ಮಂಚ, ಓದಲು ಮೇಜು, ಕಿಟಕಿಗೆ ಹೂವಿನ ಪರದೆ. ಆ ಹೆಂಗಸು ಭತ್ಯೆಗೆ ಆಸೆಪಟ್ಟವಳಲ್ಲ, ನಿನಗೇ ಆಸೆಪಟ್ಟಿದ್ದವಳು. ಕೈ ತಾನಾಗಿ ಸಡಿಲವಾಯಿತು. ಅಷ್ಟೊತ್ತಿಗೆ ಬೀದಿಯವರು ಬಂದು ನಮ್ಮನ್ನು ಬಿಡಿಸಿದರು, ಪೊಲೀಸರೂ ಬಂದರು.

ಅಲ್ಲಿಗೇ ಮುಗಿಯಲಿಲ್ಲ. ಅದೇ ವಾರ ಬುಧವಾರ ಹಾಡುಹಗಲಲ್ಲೇ ದೊಡ್ಡಮ್ಮನ ಅಣ್ಣತಮ್ಮಂದಿರು ನಾಲ್ಕು ಜನ ನಮ್ಮ ತೋಟಕ್ಕೆ ನುಗ್ಗಿದರು. ಕೊಳವೆ ಬಾವಿಯ ಪಕ್ಕದಲ್ಲಿ, ಈ ವರ್ಷ ಮೊದಲ ಹೊಂಬಾಳೆ ಬಿಟ್ಟಿದ್ದ ಹನ್ನೊಂದು ತೆಂಗಿನ ಗಿಡಗಳಿದ್ದವಲ್ಲ, ಏಣಿ ಹಾಕಿ ಅಷ್ಟರದ್ದೂ ಸುಳಿ ಕಡಿದರು. ಸುಳಿ ಹೋದ ಮೇಲೆ ತೆಂಗು ಬದುಕುತ್ತದೆಯೇ? ಬಿಳಿಯ ಎಳೆ ಗರಿಗಳು ಕೆಳಗೆ ಬೀಳುತ್ತಿದ್ದರೆ, ಅವರಲ್ಲೊಬ್ಬ "ಕೈ ಕಡ್ದೋನಿಗೆ ತಲೆ ಕಡೀತೀವಿ ಅಂತ ಹೇಳು ನಿನ್ ಗಂಡಂಗೆ" ಎಂದ. ನಾನು ಎಡಗೈಯಲ್ಲಿ ಹಾರೆ ಎತ್ತಿ ಅವನ ಮೊಣಕಾಲಿಗೆ ಬೀಸಿದೆ. ಮೂಳೆ ಮುರಿದ ಸದ್ದು ಕೇಳಿಸಿತು. ಉಳಿದವರು ಅವನನ್ನು ಹೊತ್ತುಕೊಂಡು ಹೋದರು. ಈಗ ನನ್ನ ಮೇಲೂ ಒಂದು ಕೇಸಿದೆ. ಜಾಮೀನು ಸಿಕ್ಕಿದೆ, ಹೆದರಬೇಡ.

ನಿಮ್ಮಪ್ಪನನ್ನು ಜೈಲಿನಲ್ಲಿ ಎರಡು ಸಲ ನೋಡಿ ಬಂದೆ. ತಲೆಗೆ ಹದಿಮೂರು ಹೊಲಿಗೆ. ಎಡಗಿವಿ ಕೇಳಿಸುವುದಿಲ್ಲ, ಬಲಗಡೆ ನಿಂತು ಮಾತಾಡಬೇಕು. ಕೇಸಿನ ವಿಷಯ ಎತ್ತಲೇ ಇಲ್ಲ. "ಮಗು ಉಣ್ತದಾ?" ಎಂದು ಕೇಳಿದರು. ಬರುವಾಗ "ಅವ್ಳಿಗೆ ಯಾರೂ ಬೈಬ್ಯಾಡ್ರಿ ಕಣೇ. ಅವ್ಳು ಸುಳ್ಳು ಹೇಳ್ಲಿಲ್ಲ. ನಾವು ಬರ್ಸಿದ್ದನ್ನ ಓದಿದ್ಲು ಅಷ್ಟೇ" ಎಂದರು. ಇದನ್ನು ಅವರ ಮಾತಿನಲ್ಲೇ ನಿನಗೆ ಮುಟ್ಟಿಸಬೇಕೆಂದು ಹಾಗೇ ಬರೆದಿದ್ದೇನೆ.

ದೊಡ್ಡಪ್ಪ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಹೋದ ವಾರ ನಾನೇ ಹೋದೆ. ಬಾಗಿಲಲ್ಲಿ ದೊಡ್ಡಮ್ಮ ನನ್ನನ್ನು ಒಳಗೂ ಕರೆಯಲಿಲ್ಲ, ಹೋಗೆಂದೂ ಅನ್ನಲಿಲ್ಲ. ದೊಡ್ಡಪ್ಪ ಕೂತಲ್ಲಿಂದಲೇ ಹೇಳಿದರು. "ಕೇಸು ಅದರ ಪಾಡಿಗೆ ನಡೀಲಿ. ಜಾಮೀನಿಗೆ ನಾನು ಅಡ್ಡ ಬರಲ್ಲ. ಮಗೀನ್ನ ಮಾತ್ರ ಯಾರೂ ಎಳೆದಾಡ್ಬ್ಯಾಡಿ." ಆಮೇಲೆ ಹಾಸ್ಟೆಲಿಗೆ ಒಂದು ಪತ್ರ ಬರೆದುಕೊಟ್ಟರು. ರಜೆಗೆ ನೀನು ಯಾವ ಮನೆಗೆ ಬೇಕಾದರೂ ಹೋಗಬಹುದೆಂದು. ಎಡಗೈಯ ಸಹಿ, ಚಿಕ್ಕ ಮಕ್ಕಳ ಅಕ್ಷರದ ಹಾಗಿತ್ತು. ವಕೀಲರನ್ನೂ ಕೇಳಿದೆ. ದತ್ತಕ ರದ್ದಾಗುವುದಿಲ್ಲವೆಂದು ಅವರೂ ಹೇಳಿದರು. ಕಾಗದದಲ್ಲಿ ನೀನು ಅವರ ಮಗಳಾಗಿಯೇ ಇರುತ್ತೀಯ. ಇಪ್ಪತ್ತನಾಲ್ಕನೇ ತಾರೀಕು ನಾನು ತಿಪಟೂರಿಗೆ ಬರುತ್ತೇನೆ. ಕಂದಿಕೆರೆಗೆ ಎನ್ನು, ದೊಡ್ಡಮ್ಮನ ಮನೆಗೆ ಎನ್ನು, ಎರಡೂ ಬೇಡ ಹಾಸ್ಟೆಲಿನಲ್ಲೇ ಇರುತ್ತೇನೆ ಎನ್ನು, ನೀನು ಹೇಳಿದ ಹಾಗೆ ಆಗಲಿ.

ಹೊಟ್ಟೆ ತುಂಬ ಊಟ ಮಾಡು. ತಲೆಗೆ ಎಣ್ಣೆ ಹಚ್ಚಿಕೋ, ಓಬಮ್ಮನ ಕೈಯಲ್ಲಿ ಒಂದು ಬಾಟಲಿ ಕಳಿಸಿದ್ದೇನೆ. ಸಣ್ಣತಿಮ್ಮಯ್ಯನನ್ನು ಕಂಡರೆ ನಮ್ಮ ಪರವಾಗಿ ಕ್ಷಮೆ ಕೇಳು, ಬಡಪಾಯಿ ಅವನ ಕೆಲಸ ಅವನು ಮಾಡಿದ. ನೂರು ವರ್ಷ ಬಾಳು ಮಗಳೇ. ಯಾರ ತಪ್ಪನ್ನೂ ನಿನ್ನ ತಲೆಯ ಮೇಲೆ ಹೊರದೆ ಬಾಳು.

ನಿನ್ನ ಅಮ್ಮ,
ಸೌಮ್ಯ

ಮರೆತದ್ದಲ್ಲ, ಬರೆಯಲಾರದೆ ಬಿಟ್ಟದ್ದು: ಮೇ ತಿಂಗಳಲ್ಲಿ ಸಹಿ ಹಾಕುವ ಹಿಂದಿನ ದಿನ ದೊಡ್ಡಪ್ಪ ದತ್ತಕ ಪತ್ರದ ಪ್ರತಿಯನ್ನು ಮನೆಗೆ ಕಳಿಸಿದ್ದರು. ನಾನು ಪಿಯುಸಿ ಓದಿದವಳು. ಒಂದು ಸಾಲೂ ಬಿಡದೆ ಓದಿದೆ. ಹುಟ್ಟಿದ ಮನೆಗೂ ನಿನಗೂ ಇನ್ನು ಯಾವ ಹಕ್ಕುಸಂಬಂಧವೂ ಇಲ್ಲ, ಇದನ್ನು ಹಿಂದೆಗೆದುಕೊಳ್ಳುವಂತಿಲ್ಲ ಎಂದು ಅಚ್ಚುಕಟ್ಟಾಗಿ ಬರೆದಿತ್ತು. ನಿಮ್ಮಪ್ಪ "ಏನ್ ಬರ್ದವ್ರೆ?" ಎಂದು ಕೇಳಿದರು. "ಏನಿಲ್ಲ, ಮಾಮೂಲಿ. ಹಾಕಿ" ಎಂದೆ. ಮೂವರಲ್ಲಿ ಒಬ್ಬಳಾದರೂ ಈ ಮನೆಯಿಂದ ಆಚೆ ಹೋಗಲಿ ಎನಿಸಿತ್ತು. ಅದು ನಿನ್ನ ಒಳ್ಳೆಯದಕ್ಕೆ ಎಂದು ಆಗ ಅಂದುಕೊಂಡೆ. ಆದರೆ ಕಚೇರಿಯಿಂದ ಹೊರಗೆ ಬಂದಾಗ ತಲೆಯ ಮೇಲಿನ ಹೊರೆ ಇಳಿಸಿದಷ್ಟು ಹಗುರವಾಯಿತು. ಆ ಹೊರೆ ನೀನು. ಆ ಹಗುರ ನನಗೆ ನಿಜವಾಗಿ ಆಗಿತ್ತು, ಜೀವಿತಾ. ನಿಮ್ಮಪ್ಪನಿಗೆ ಇದು ಇನ್ನೂ ಗೊತ್ತಿಲ್ಲ. ಮಂಗಳವಾರ ಜೈಲಿಗೆ ಹೋಗುತ್ತೇನೆ. ಬಲಗಡೆ ನಿಂತು ಹೇಳುತ್ತೇನೆ.