ಜಾಗ ಸರಿಯಾಗಿ ಬರೆದದ್ದಕ್ಕೆ

ಅಕ್ಕಾ,

ಅಕ್ಷರ ಸೊಟ್ಟಗಿದ್ದರೆ ಅದು ಸಿಟ್ಟಿಗೆ, ಜ್ವರಕ್ಕಲ್ಲ. ಮೊನ್ನೆ ರಸ್ತೆ ಅಳೆಯುವಾಗ ಕಲ್ಲುಗಣಿಯ ಹಿಂದೆ ತೋಳ ಕಂಡೆ. ನೀಳ ಕಾಲು, ಇಳಿಬಿದ್ದ ಬಾಲ. ನಾಯಿ ಅಲ್ಲವೇ ಅಲ್ಲ. ಕಂಡವರು ತಿಳಿಸಲೆಂದು ಅರಣ್ಯ ಕಚೇರಿಯವರೇ ಫಾರಂ ಇಟ್ಟಿದ್ದಾರೆ. ಜಾಗ, ಹೊತ್ತು, ಹೆಜ್ಜೆಯ ಅಳತೆ ಎಲ್ಲ ತುಂಬಿ ಕೊಟ್ಟೆ. ಗುಮಾಸ್ತ ಮಹಾಶಯ ಅದನ್ನು ಹೊರಗಿನ ಬೋರ್ಡಿಗೆ ಅಂಟಿಸಿದ. ಮರುದಿನವೇ ಜನ ದೊಣ್ಣೆ ಹಿಡಿದು ಹೋಗಿ ತೋಳವನ್ನು ಹೊಡೆದು ಕೊಂದರು. ಜಗಳಕ್ಕೆ ಹೋದರೆ, “ನೀವು ಜಾಗ ಸರಿಯಾಗಿ ಬರ್ದಿದ್ರಿ ಸಾರ್, ಅವ್ರಿಗೆ ಹುಡುಕೋದೇ ಬೇಕಾಗ್ಲಿಲ್ಲ” ಎಂದು ನನ್ನನ್ನೇ ಹೊಗಳಿದ. ಕೆನ್ನೆಗೆ ಬಾರಿಸದೆ ಬಂದದ್ದೇ ಹೆಚ್ಚು.

ನಿನ್ನ ಮುಲಾಮಿನಿಂದ ಹಿಮ್ಮಡಿಯ ಬಿರುಕು ಮಾಯ್ದಿದೆ.

ಇವತ್ತು ಆ ತೋಳದ ಮರಿಗಳನ್ನು ಕಂಡೆ, ಎರಡು. ಎಲ್ಲೆಂದು ನಿನಗೂ ಬರೆಯುವುದಿಲ್ಲ. ಅಂಚೆ ಕಾರ್ಡನ್ನು ದಾರಿಯುದ್ದಕ್ಕೂ ಎಲ್ಲರೂ ಓದುತ್ತಾರೆ.

ನಿನ್ನ ತಮ್ಮ